ಕೇಕಿಗೆ ನಾಲ್ಕು ಹೆಸರು, ಪುಡಿಗೆ ಒಂದೂ ಇಲ್ಲ

ಪಟ್ಟಿಯಲ್ಲಿ ನಲವತ್ತೊಂದು ತಿನಿಸುಗಳಿದ್ದವು. ಉಪ್ಪಿಟ್ಟಿನಿಂದ ಶುರುವಾಗಿ ದಿಲ್‌ಪಸಂದ್‌ಗೆ ಮುಗಿಯುತ್ತಿತ್ತು. ಸೋಮವಾರ ಬೆಳಿಗ್ಗೆ ಅದು ನನ್ನ ಮೊಬೈಲಿಗೆ ಬಂತು. ಶನಿವಾರ ಅತಿಥಿಗಳು ಬರುವವರಿದ್ದರು. ಅಷ್ಟರಲ್ಲಿ ನಾನು ಪ್ರತಿಯೊಂದು ತಿನಿಸಿಗೂ ಸ್ಪ್ಯಾನಿಷ್‌ನಲ್ಲಿ ಒಂದು ಹೆಸರು, ಅದರ ಕೆಳಗೆ ಒಳಗೆ ಏನೇನಿದೆ ಎಂಬ ಒಂದು ಸಾಲು ಬರೆದು ಕೊಡಬೇಕಿತ್ತು.

ಶಿವಮೊಗ್ಗದಿಂದ ಮಲವಗೊಪ್ಪ ದಾಟಿ ಭದ್ರಾವತಿಯ ಕಡೆ ಹೋಗುವ ರಸ್ತೆಯಲ್ಲಿ ಒಂದು ಫೌಂಡ್ರಿ ಇದೆ. ಅಲ್ಲಿಗೆ ಸ್ಪೇನ್ ದೇಶದ ಕಂಪನಿಯೊಂದರಿಂದ ಹೊಸ ಯಂತ್ರ ಬಂದಿತ್ತು. ಅದನ್ನು ಕೂರಿಸಿ, ಓಡಿಸಿ ತೋರಿಸಲು ಆರು ವಾರದ ಮಟ್ಟಿಗೆ ನಾಲ್ವರು ಬರುತ್ತಿದ್ದರು. ತಂಡದ ಮುಖ್ಯಸ್ಥೆಯಾಗಿದ್ದ ಇಂಜಿನಿಯರ್ ಸ್ಪೇನಿನವರು. ಉಳಿದ ಮೂವರು ತಂತ್ರಜ್ಞರು ಅದೇ ಕಂಪನಿಯ ಬೇರೆ ಬೇರೆ ಶಾಖೆಗಳವರು: ಒಬ್ಬ ಮೆಕ್ಸಿಕೊದವನು, ಒಬ್ಬ ಅರ್ಜೆಂಟೀನಾದವನು, ಒಬ್ಬ ಚಿಲಿಯವನು. ಇಂಜಿನಿಯರ್‌ಗೆ ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು, ಮೂವರಿಗೆ ಅಷ್ಟಕ್ಕಷ್ಟೆ. ಯಂತ್ರದ ಕೈಪಿಡಿಯನ್ನು ನಾನೇ ಅನುವಾದಿಸಿದ್ದೆನಾದ್ದರಿಂದ ಊಟದ ಚೀಟಿಗಳೂ ನನ್ನ ತಲೆಗೇ ಬಂದವು.

"ದೊಡ್ಡ ಕೆಲ್ಸ ಏನಲ್ಲ ಸಾರ್, ಒಂದ್ ಮಧ್ಯಾಹ್ನದ್ದು," ಎಂದರು ಫೌಂಡ್ರಿಯ ಆಡಳಿತಾಧಿಕಾರಿ ಫೋನಿನಲ್ಲಿ. "ಆದ್ರೆ ಒಂದ್ ವಿಷ್ಯ. ಆ ಚಿಲಿಯವನಿಗೆ ಶೇಂಗಾ ಆಗಲ್ವಂತೆ. ಒಂದು ಕಾಳು ಹೊಟ್ಟೆಗೆ ಹೋದ್ರೂ ಉಸಿರು ಕಟ್ಟುತ್ತಂತೆ. ಇಂಜೆಕ್ಷನ್ ಜೇಬಲ್ಲಿ ಇಟ್ಕೊಂಡೇ ಓಡಾಡ್ತಾನಂತೆ. ಅದೊಂದು ಸರಿಯಾಗಿ ನೋಡ್ಕೊಂಬಿಡಿ."

"ನೋಡ್ಕೋತೀನಿ," ಎಂದೆ.

ಹೇಳಿದ ಮೇಲೆ ತಳಮಳ ಶುರುವಾಯಿತು. ನಾನು ಸ್ಪ್ಯಾನಿಷ್ ಕಲಿತದ್ದು ವಿಶ್ವವಿದ್ಯಾಲಯದ ಒಂದು ಕೋಣೆಯಲ್ಲಿ, ಮ್ಯಾಡ್ರಿಡ್‌ನಲ್ಲಿ ಓದಿ ಬಂದಿದ್ದ ಒಬ್ಬ ಅಧ್ಯಾಪಕಿಯಿಂದ. ಆ ಭಾಷೆ ಆಡುವ ಒಂದು ದೇಶವನ್ನೂ ನೋಡಿದವನಲ್ಲ. ಬೋಲ್ಟು, ಬೇರಿಂಗು, ಕವಾಟಗಳ ಹೆಸರು ಕೈಪಿಡಿಯಲ್ಲಿ ಚಿತ್ರದ ಪಕ್ಕದಲ್ಲೇ ಇರುತ್ತವೆ; ತಪ್ಪಾದರೆ ಅಂಕಿ ನೋಡಿ ತಿದ್ದಿಕೊಳ್ಳಬಹುದು. ತಿಂಡಿಗೆ ಅಂಕಿ ಇಲ್ಲ. ಅದು ಪೂರ್ತಿ ನೆನಪಿನ ವ್ಯವಹಾರ, ಮತ್ತು ನನ್ನ ನೆನಪಿನ ಮೇಲೆ ನನಗೆ ಎಂದೂ ನಂಬಿಕೆಯಿಲ್ಲ. ಮನೆಯ ಬೀಗ ಹಾಕಿ ರಾಗಿಗುಡ್ಡದ ಇಳಿಜಾರು ಮುಗಿಯುವಷ್ಟರಲ್ಲಿ, ಹಾಕಿದೆನೋ ಇಲ್ಲವೋ ಎಂದು ವಾಪಸು ಹೋಗಿ ನೋಡುವವನು ನಾನು.

ಮೊದಲ ಕರಡನ್ನು ಒಂದು ಮಧ್ಯಾಹ್ನದಲ್ಲೇ ಮುಗಿಸಿದೆ. ಕೆನೆ ಸವರಿದ ಕೇಕಿಗೆ 'ತಾರ್ತ' ಎಂದು ಬರೆದೆ. ಬೇಕರಿಯ ಸಾದಾ ಕೇಕಿಗೆ 'ಬಿಸ್ಕೋಚೊ'. ಹುರುಳಿಕಾಯಿ ಪಲ್ಯಕ್ಕೆ 'ಹುದಿಯಾಸ್ ವೆರ್ದೆಸ್'. ಶೇಂಗಾಕ್ಕೆ 'ಕಕವೆತೆ'. ಇಂಜಿನಿಯರ್‌ಗೆ ಮೇಲ್ ಮಾಡಿದೆ. ಅವರು ಒಳ್ಳೆಯ ಮನಸ್ಸಿನಿಂದ ಅದನ್ನು ತಮ್ಮ ತಂಡದವರಿಗೂ ಕಳಿಸಿದರು. ಮಂಗಳವಾರ ಏಳುವಷ್ಟರಲ್ಲಿ ಮೂರು ದೇಶಗಳಿಂದ ಉತ್ತರ ಬಂದಿತ್ತು.

ಮೆಕ್ಸಿಕೊದವನು ಬರೆದಿದ್ದ: ನಮ್ಮಲ್ಲಿ ಕೇಕಿಗೆ 'ಪಾಸ್ತೆಲ್' ಅನ್ನುತ್ತೇವೆ. ಚಿಲಿಯವನು ಅದಕ್ಕೆ ಅಡ್ಡ ಬಂದಿದ್ದ: ನನ್ನ ಊರಿನಲ್ಲಿ ಪಾಸ್ತೆಲ್ ಅಂದರೆ ಮೊದಲು ನೆನಪಾಗುವುದು ಮೆಕ್ಕೆಜೋಳ ರುಬ್ಬಿ ಮಾಂಸದ ಮೇಲೆ ಸುರಿದು ಬೇಯಿಸುವ ಊಟ, ಕೆನೆ ಇರುವ ಕೇಕು 'ತೋರ್ತ', ಸಾದಾ ಕೇಕು 'ಕೇಕೆ'. ಮೆಕ್ಸಿಕೊದವನ ಮರು ಉತ್ತರ: ತೋರ್ತ ಎಂದು ಚೀಟಿ ಹಾಕಿದರೆ ನಾನು ಬನ್ನಿನ ನಡುವೆ ಮಾಂಸ ತುಂಬಿ ಕೊಡುತ್ತೀರೆಂದು ಕಾಯುತ್ತೇನೆ. ಅರ್ಜೆಂಟೀನಾದವನು ತೋರ್ತಕ್ಕೆ ಒಪ್ಪಿದ್ದ, ಆದರೆ ಉದ್ದನೆಯ ಅಚ್ಚಿನಲ್ಲಿ ಸುಟ್ಟದ್ದು ಅವನಿಗೆ 'ಬುದಿನ್'. ಹುರುಳಿಕಾಯಿಗಂತೂ ನಾಲ್ವರಲ್ಲಿ ನಾಲ್ಕು ಹೆಸರು. ಶೇಂಗಾಕ್ಕೆ ಚಿಲಿಯಲ್ಲೂ ಅರ್ಜೆಂಟೀನಾದಲ್ಲೂ 'ಮನಿ' ಎನ್ನುತ್ತಾರೆ. ನಾನು ಬರೆದ ಪದ ಸ್ಪೇನಿನದು. ಯಾರ ಪ್ರಾಣಕ್ಕಾಗಿ ಆ ಸಾಲು ಬರೆದೆನೋ ಅವನ ಮನೆಮಾತಿನಲ್ಲಿ ಅದನ್ನು ಬರೆದಿರಲಿಲ್ಲ. ಅವನಿಗೆ ಆ ಪದ ಗೊತ್ತಿರುತ್ತಿತ್ತು, ನಿಜ. ಆದರೂ ಆ ಸಾಲನ್ನು ಅಲ್ಲೇ ಹೊಡೆದುಹಾಕಿದೆ.

ನಮ್ಮ ಅಧ್ಯಾಪಕಿ ಇದನ್ನೆಲ್ಲ ಹೇಳಿದ್ದರೇ? 'ತೋರ್ತ' ಎಂದರೆ ಎಲ್ಲ ಕಡೆಯೂ ನಡೆಯುತ್ತದೆ ಎಂದು ಅವರು ಹೇಳಿದ್ದು ನನಗೆ ಸ್ಪಷ್ಟವಾಗಿ ನೆನಪಿತ್ತು. ಅವರು ಕಿಟಕಿಯ ಪಕ್ಕ ನಿಂತದ್ದು, ಕೈಯಲ್ಲಿ ಸೀಮೆಸುಣ್ಣ, ಎಲ್ಲವೂ. ಅಟ್ಟದಿಂದ ಹಳೆಯ ನೋಟ್‌ಬುಕ್ ಇಳಿಸಿ ಹುಡುಕಿದೆ. ತಿನಿಸುಗಳ ಪಾಠ ಎರಡೇ ಪುಟ. ಅಲ್ಲಿ ತೋರ್ತ ಎಂಬ ಪದವೇ ಇರಲಿಲ್ಲ.

"ಹೋದ ವಾರ ಹಾಲಿನ ಪ್ಯಾಕೆಟ್ ತಂದು ಅಲ್ಲೇ ಸ್ಕೂಟರ್ ಡಿಕ್ಕೀಲಿ ಬಿಟ್ಟಿದ್ರಿ," ಎಂದಳು ಹೆಂಡತಿ, ನೋಟ್‌ಬುಕ್ಕಿನ ಧೂಳು ಒರೆಸುತ್ತ. "ಇಪ್ಪತ್ತು ವರ್ಷದ ಹಿಂದಿನ ಸೀಮೆಸುಣ್ಣ ನೆನಪಿದೆಯಂತೆ!"

ಬುಧವಾರ ಚೀಟಿಗಳನ್ನು ಹೊಸದಾಗಿ ಮಾಡಿದೆ. ಪ್ರತಿ ಚೀಟಿಯಲ್ಲೂ ನಾಲ್ಕು ಅಂಕಣ, ಅಂಕಣಕ್ಕೊಂದು ದೇಶ. ನಿಘಂಟು, ಆ ದೇಶಗಳ ಅಡುಗೆ ವೀಡಿಯೊ, ಮೇಲ್‌ನಲ್ಲಿ ಬಂದ ಉತ್ತರ, ಮೂರನ್ನೂ ತಾಳೆ ನೋಡಿ ಒಂದೊಂದು ಪದ ತುಂಬಿದೆ. ಎರಡು ಕಡೆ ಸಿಕ್ಕಿದರೆ ಮಾತ್ರ ಶಾಯಿಯಲ್ಲಿ, ಒಂದೇ ಕಡೆ ಸಿಕ್ಕಿದರೆ ಪೆನ್ಸಿಲ್‌ನಲ್ಲಿ ಎಂಬ ನಿಯಮ ಹಾಕಿಕೊಂಡೆ. ಹುರುಳಿಕಾಯಿ ಪಲ್ಯದ ಚೀಟಿ ಮೊಳದಷ್ಟು ಉದ್ದವಾಯಿತು. ಆಡಳಿತಾಧಿಕಾರಿ ಮೊಬೈಲಿನಲ್ಲಿ ಅದನ್ನು ನೋಡಿ ಕರೆ ಮಾಡಿದರು.

"ಸಾರ್, ಇದು ಊಟದ ಚೀಟಿನೋ ವೋಟರ್ ಲಿಸ್ಟೋ?"

ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಬೆಣ್ಣೆಯಿಂದ. ಸಂಜೆಯ ತಿಂಡಿಗಳನ್ನು ಒಪ್ಪಿಕೊಂಡಿದ್ದು ಭದ್ರಾವತಿಯ ಹಳೆಯ ಬೇಕರಿಯೊಂದು. ಎರಡನೇ ತಲೆಮಾರಿನ ಯಜಮಾನರು, ಮೊಟ್ಟೆಯನ್ನೂ ಒಳಗೆ ಬಿಟ್ಟುಕೊಳ್ಳದವರು. ಅರ್ಜೆಂಟೀನಾದವನು ಬೆಣ್ಣೆಗೆ 'ಮಾಂತೆಕ' ಎಂದಿದ್ದ. ಅವನ ಅಂಕಣದಲ್ಲಿ ಅದನ್ನೇ ಬರೆದೆ. ಉಳಿದ ಮೂರು ದೇಶದವರಿಗೆ ಮಾಂತೆಕ ಎಂದರೆ ಹಂದಿಯ ಕೊಬ್ಬು. ಚೀಟಿಗಳನ್ನು ಕಳಿಸಿದಾಗ ಇಂಜಿನಿಯರ್ ನಯವಾಗಿಯೇ ಕೇಳಿದ್ದರು: ಬೇಕರಿ ಸಸ್ಯಾಹಾರಿ ಎಂದಿದ್ದಿರಿ, ಬಿಸ್ಕತ್ತಿಗೆ ಇದನ್ನು ಹಾಕುತ್ತಾರೆಯೇ? ಈ ಸುದ್ದಿ ಆಡಳಿತಾಧಿಕಾರಿಯ ಬಾಯಿಂದ ಯಜಮಾನರಿಗೆ ತಲುಪಿತು.

"ಮೇಷ್ಟ್ರೇ," ಎಂದು ಫೋನ್ ಮಾಡಿದರು. ನಾನು ಮೇಷ್ಟ್ರಲ್ಲ ಎಂದು ಎಷ್ಟು ಸಲ ಹೇಳಿದ್ದರೂ ಅವರಿಗೆ ಓದಿದವರೆಲ್ಲ ಮೇಷ್ಟ್ರೇ. "ನಮ್ಮಪ್ಪ ಕಟ್ಟಿದ ಅಂಗ್ಡಿ ಇದು. ಬೆಣ್ಣೆ ಬಿಸ್ಕತ್ತಿಗೆ ಹಂದಿ ಕೊಬ್ಬು ಅಂತ ಬರ್ದಿದೀರಂತಲ್ಲ, ನಾನು ಊರಲ್ಲಿ ಮುಖ ಎತ್ಕೊಂಡು ಓಡಾಡೋದು ಹೆಂಗೆ?"

"ಊರಲ್ಲಿ ಯಾರೂ ಓದಲ್ಲ ಯಜಮಾನ್ರೇ, ಅದು ಸ್ಪ್ಯಾನಿಷ್."

"ಓದಲ್ಲ ಅಂತ ಬರೆಯೋದಾ?"

ಆ ರಾತ್ರಿ ನಾಲ್ಕು ಅಂಕಣಗಳನ್ನೂ ಕಿತ್ತುಹಾಕಿದೆ.

ಗುರುವಾರದ ತೀರ್ಮಾನ ಇದು: ತಿನಿಸಿಗೆ ಅದರ ಕನ್ನಡ ಹೆಸರೇ ಇರಲಿ, ರೋಮನ್ ಅಕ್ಷರದಲ್ಲಿ. ಒಳಗಿರುವುದನ್ನು ಮಾತಿನಲ್ಲಿ ಹೇಳುವುದು ಬೇಡ, ಫೋಟೊದಲ್ಲಿ ತೋರಿಸುವುದು. ತೆಂಗಿನಕಾಯಿಯ ಫೋಟೊ, ಹಾಲಿನ ಫೋಟೊ, ಮೆಣಸಿನಕಾಯಿಯ ಫೋಟೊ. ಶೇಂಗಾ ಇದ್ದರೆ ಶೇಂಗಾದ ಫೋಟೊ, ಅದರ ಸುತ್ತ ಕೆಂಪು ಚೌಕ. ಫೋಟೊ ಯಾವ ದೇಶದವನಿಗೂ ಅರ್ಥವಾಗುತ್ತದೆ. ಇಷ್ಟು ಸರಳವಾದದ್ದು ಮೂರು ದಿನ ಹೊಳೆಯಲಿಲ್ಲವಲ್ಲ ಎಂದು ನಾಚಿಕೆಯಾಯಿತು, ಜೊತೆಗೆ ನಿರಾಳವೂ ಆಯಿತು. ಇನ್ನು ನನ್ನ ನೆನಪನ್ನು ನಂಬಬೇಕಾಗಿಲ್ಲ ಎಂದುಕೊಂಡೆ. ಅಲ್ಲೇ ತಪ್ಪಿದ್ದು.

ಶುಕ್ರವಾರ ಬೆಳಿಗ್ಗೆ ಬಸ್ಸು ಹತ್ತಿ ಭದ್ರಾವತಿಗೆ ಹೋದೆ. ಮೊದಲು ಅತಿಥಿಗಳು ಇಳಿಯಲಿದ್ದ ಫೌಂಡ್ರಿಯ ಗೆಸ್ಟ್ ಹೌಸ್. ಅಲ್ಲಿಯ ಅಡುಗೆಯಮ್ಮನ ಜೊತೆ ಕೂತು ಊಟದ ಸಾಲು ಮುಗಿಸಿದೆ. ಆಮೇಲೆ ಬೇಕರಿ. ಪ್ರತಿಯೊಂದರಲ್ಲಿ ಏನಿದೆ ಎಂದು ನಾನು ಬಸ್ಸಿನಲ್ಲೇ ಬರೆದುಕೊಂಡಿದ್ದೆ. ಬೆಣ್ಣೆ ಬಿಸ್ಕತ್ತು, ಖಾರ ಬಿಸ್ಕತ್ತು, ರಸ್ಕು, ದಿಲ್‌ಪಸಂದ್ ಇವುಗಳ ಮೇಲೆ ನನಗೆ ಯಾಕೆ ಅನುಮಾನ? ಶಾಲೆಯ ರಜೆಯಲ್ಲೆಲ್ಲ ಭದ್ರಾವತಿಯ ಸೋದರತ್ತೆಯ ಮನೆಯಲ್ಲಿ ಇದ್ದವನು ನಾನು. ಇವನ್ನು ತಿಂದೇ ಬೆಳೆದವನು. ಯಜಮಾನರು ಗಲ್ಲಾದ ಹಿಂದೆ ಕೂತಿದ್ದರು. ಗಿರಾಕಿಗಳ ನಡುವೆ ನಾನು ಓದುತ್ತ ಹೋದೆ, ಅವರು ಬನ್ನು ಕಟ್ಟಿಕೊಡುತ್ತ "ಹೂಂ, ಹೂಂ" ಎನ್ನುತ್ತ ಹೋದರು. ಬೆಣ್ಣೆಯ ಸಿಟ್ಟು ಅಷ್ಟರಲ್ಲಿ ಇಳಿದಿತ್ತು.

"ದಿಲ್‌ಪಸಂದ್: ಮೈದಾ, ಕೊಬ್ಬರಿ, ಸಕ್ಕರೆ, ಟೂಟಿ ಫ್ರೂಟಿ, ಡಾಲ್ಡಾ."

"ಹೂಂ. ಏಲಕ್ಕಿ ಬರ್ಕೊಳಿ. ಏಲಕ್ಕಿ ಇಲ್ದೆ ನಾನು ಕೊಡಲ್ಲ."

"ಶೇಂಗಾ?"

"ಶೇಂಗಾ ಬಿಸ್ಕತ್ತಿನಲ್ಲಿ, ನಿಪ್ಪಟ್ಟಿನಲ್ಲಿ. ಅವಕ್ಕೆ ನಿಮ್ಮ ಕೆಂಪು ಡಬ್ಬ ಹಾಕಿ. ಬೇರೆದ್ರಲ್ಲಿ ಯಾವನ್ ಹಾಕ್ತಾನೆ ಶೇಂಗಾ?"

ಪಟ್ಟಿಯ ಕೆಳಗೆ 'ಪರಿಶೀಲಿಸಿದೆ' ಎಂದು ಬರೆದು ಸಹಿ ಹಾಕಿದೆ.

ಶನಿವಾರ ನಾಲ್ವರೂ ಬಂದರು. ಮೂರು ದಿನ ಎಲ್ಲ ಸರಾಗ. ಮೆಕ್ಸಿಕೊದವನು ಮೆಣಸಿನಕಾಯಿ ಬಜ್ಜಿ ತಿಂದು ಖಾರ ಸಾಲದು ಎಂದ. ಅಡುಗೆಯಮ್ಮ ಅದನ್ನು ಸವಾಲಾಗಿ ತಗೊಂಡರು. ಚಿಲಿಯವನಿಗೆ ಇಪ್ಪತ್ತೆಂಟೋ ಮೂವತ್ತೋ ಇರಬೇಕು, ಎತ್ತರದ ಆಳು, ಮಾತು ಕಡಿಮೆ. ಪ್ರತಿ ತಟ್ಟೆಯ ಮುಂದೂ ನಿಂತು ಚೀಟಿಯ ಫೋಟೊಗಳನ್ನು ಒಂದೊಂದಾಗಿ ನೋಡಿ, ಆಮೇಲೆ ನನ್ನ ಕಡೆ ತಿರುಗಿ ಹೆಬ್ಬೆರಳು ಎತ್ತುತ್ತಿದ್ದ. ಅವನು ಬೆರಳು ಎತ್ತಿದಾಗಲೆಲ್ಲ ನನಗೆ ಆ ಪಟ್ಟಿಯ ಕೆಳಗಿನ ಸಹಿ ನೆನಪಾಗುತ್ತಿತ್ತು.

ಮಂಗಳವಾರ ಸಂಜೆ ಕೆಲಸ ಮುಗಿಸಿ ಎಲ್ಲರೂ ಗೆಸ್ಟ್ ಹೌಸಿನಲ್ಲಿ ಕಾಫಿಗೆ ಕೂತಿದ್ದರು. ಆಡಳಿತಾಧಿಕಾರಿಯೂ ಇದ್ದರು. ಬೇಕರಿಯ ಡಬ್ಬಿ ಬಿಚ್ಚಿದರು. ಅವತ್ತು ಮೊದಲ ಸಲ ದಿಲ್‌ಪಸಂದ್. ದುಂಡನೆಯ ಎರಡು ಹಾಳೆಯ ನಡುವೆ ಹೂರಣ ತುಂಬಿ ಸುಟ್ಟು, ತ್ರಿಕೋನವಾಗಿ ಕತ್ತರಿಸಿದ್ದರು. ಚಿಲಿಯವನು ಚೀಟಿ ನೋಡಿದ. ಕೆಂಪು ಚೌಕ ಇರಲಿಲ್ಲ. ಹೆಬ್ಬೆರಳು ಎತ್ತಿದ. ಒಂದು ತುಂಡು ಕೈಗೆತ್ತಿಕೊಂಡ.

ನಾನೂ ನನ್ನದನ್ನು ಮುರಿದೆ. ಕೊಬ್ಬರಿಯ ವಾಸನೆ, ಏಲಕ್ಕಿಯ ವಾಸನೆ, ಅದರ ಹಿಂದೆ ಎಲ್ಲೋ ಸಣ್ಣಗೆ ಓಮದ ವಾಸನೆ. ಖಾರ ಬಿಸ್ಕತ್ತಿಗೆ ಓಮ ಹಾಕುತ್ತಾರೆ. ದಿಲ್‌ಪಸಂದ್‌ಗೆ ಯಾಕೆ? ಅಷ್ಟೇ ಹೊತ್ತಿಗೆ ಒಂದು ಚಿತ್ರ ಕಣ್ಣ ಮುಂದೆ ಬಂತು: ಅತ್ತೆಯ ಮನೆಯ ಜಗಲಿ, ಕೈಯಲ್ಲಿ ದಿಲ್‌ಪಸಂದ್, ಅದರ ಹೂರಣದಲ್ಲಿ ಕೆಂಪು ಸಿಪ್ಪೆ ಹೊತ್ತ ಅರ್ಧ ಶೇಂಗಾ ಬೀಜ. ನಾನು ಅದನ್ನು ಉಗುರಿನಿಂದ ಕಿತ್ತು ಮೊದಲು ತಿಂದಿದ್ದೆ.

ಇದು ಯಾವ ಬೇಕರಿಯದು? ಯಾವ ವರ್ಷದ್ದು? ನಿಜವಾಗಿ ನಡೆದದ್ದೋ, ಸೀಮೆಸುಣ್ಣದ ಹಾಗೆ ನಾನೇ ಕಟ್ಟಿಕೊಂಡದ್ದೋ? ಮೂಗು ಕೂಡ ಸುಳ್ಳು ಹೇಳಬಹುದು. ತಪ್ಪಾಗಿದ್ದರೆ ಬೆಣ್ಣೆಯ ನಂತರ ಬೇಕರಿಗೆ ಇದು ಎರಡನೇ ಅವಮಾನ. ಫೌಂಡ್ರಿಯವರು ಬೇಕರಿಯ ಆರ್ಡರನ್ನೇ ನಿಲ್ಲಿಸುತ್ತಾರೆ. ಇಷ್ಟೆಲ್ಲ ಯೋಚಿಸಿದೆ ಎಂದು ಈಗ ಬರೆಯುತ್ತಿದ್ದೇನೆ. ಆಗ ಯೋಚಿಸಿದೆನೋ ಇಲ್ಲವೋ ತಿಳಿಯದು. ತುಂಡು ಅವನ ಬಾಯಿಯ ಹತ್ತಿರ ಹೋಗಿತ್ತು.

"ಎಸ್ಪೆರಾ!" ಎಂದು ಕೂಗಿದೆ. ನಿಲ್ಲು ಎಂದು ಅರ್ಥ.

ಎಲ್ಲರ ಕೈಯೂ ಅಲ್ಲಲ್ಲೇ ನಿಂತಿತು. ಅವನು ತುಂಡನ್ನು ಇಳಿಸಿದ. ಇಂಜಿನಿಯರ್ ಎದ್ದು ಬಂದರು.

"ಇದರಲ್ಲಿ ಶೇಂಗಾ ಇದೆಯೇ?"

"ಇರಬಹುದು."

"ನಿಮಗೆ ಖಚಿತವೇ?"

"ಇಲ್ಲ. ಇಲ್ಲ ಎನ್ನುವುದೂ ಖಚಿತವಿಲ್ಲ."

ಚಿಲಿಯವನು ಎದ್ದು ಹೋಗಿ ಕೈ ತೊಳೆದ. ಮೊಣಕೈವರೆಗೆ, ಸೋಪು ಹಚ್ಚಿ, ಎರಡು ಸಲ. ಆಡಳಿತಾಧಿಕಾರಿ ನನ್ನ ಪಕ್ಕ ಬಂದು ಮೆಲ್ಲಗೆ ಕೇಳಿದರು: "ಸಾರ್, ಪರಿಶೀಲಿಸಿದೆ ಅಂತ ಸೈನ್ ಹಾಕಿದ್ದು ನೀವೇ ಅಲ್ವಾ?"

ಅವರ ಜೀಪಿನಲ್ಲೇ ಬೇಕರಿಗೆ ಹೋದೆವು. ಯಜಮಾನರಿಗೆ ವಿಷಯ ಹೇಳಿದಾಗ ಅವರ ಮುಖ ಬಿಗಿಯಿತು.

"ಮೊದ್ಲು ಹಂದಿ ಕೊಬ್ಬು, ಈಗ ಶೇಂಗಾ. ನಾಳೆ ಇನ್ನೇನು ಮೇಷ್ಟ್ರೇ, ಸಿಮೆಂಟಾ? ಕೊಬ್ರಿ, ಸಕ್ರೆ, ಟೂಟಿ ಫ್ರೂಟಿ, ಏಲಕ್ಕಿ. ದೇವ್ರಾಣೆ ಬೇರೆ ಏನೂ ಹಾಕಲ್ಲ ನಾವು."

ಅವರು ಸುಳ್ಳು ಹೇಳುತ್ತಿರಲಿಲ್ಲ. ಅದು ಅವರ ಮುಖದಲ್ಲೇ ಕಾಣುತ್ತಿತ್ತು. ಇನ್ನೊಂದು ಸಲ ಕೇಳಿದರೂ ಇದೇ ಉತ್ತರ ಬರುತ್ತಿತ್ತು, ಹತ್ತು ಸಲ ಕೇಳಿದರೂ ಅದೇ. ನಾನು ಇಡೀ ವಾರ ಮಾಡಿದ್ದು ಕೇಳುವ ಕೆಲಸವನ್ನೇ. ಮೇಲ್‌ನಲ್ಲಿ ಕೇಳಿದೆ, ನಿಘಂಟಿನಲ್ಲಿ ಕೇಳಿದೆ, ಗಲ್ಲಾದ ಮುಂದೆ ನಿಂತು ಕೇಳಿದೆ. ಒಂದು ತಿಂಡಿಯನ್ನೂ ಮಾಡುವುದನ್ನು ನೋಡಿರಲಿಲ್ಲ.

"ಯಜಮಾನ್ರೇ, ನಾನೇನೂ ಕೇಳಲ್ಲ. ಈಗ ಒಂದು ದಿಲ್‌ಪಸಂದ್ ಮಾಡಿ ತೋರಿಸ್ತೀರಾ? ಮೊದಲಿಂದ ಕಡೇವರೆಗೆ."

ಅವರು "ಬನ್ನಿ," ಎಂದು ಹಿಂದಿನ ಭಟ್ಟಿ ಕೋಣೆಗೆ ಕರೆದೊಯ್ದರು.

ಭಟ್ಟಿಯ ಮುಂದೆ ತಿಂಡಿ ಮಾಡುವ ಮೇಸ್ತ್ರಿ ಬನಿಯನ್ನಿನಲ್ಲಿ ನಿಂತಿದ್ದರು. ಭದ್ರಾವತಿಯಲ್ಲೇ ಹುಟ್ಟಿದ ತಮಿಳರು, ಆ ಬೇಕರಿಯಲ್ಲಿ ಇಪ್ಪತ್ತು ವರ್ಷದಿಂದ ಇದ್ದವರು. ಯಜಮಾನರು ಹೇಳಿದ್ದೇ ತಡ, ಮೈದಾ ಹಿಟ್ಟು ಲಟ್ಟಿಸಿ ಹಾಳೆ ಮಾಡಿದರು. ಪಾತ್ರೆಗೆ ಕೊಬ್ಬರಿ ಹಾಕಿದರು, ಸಕ್ಕರೆ ಹಾಕಿದರು, ಟೂಟಿ ಫ್ರೂಟಿ, ಏಲಕ್ಕಿ. ನಾನು ಒಂದೊಂದೂ ಬರೆದುಕೊಂಡೆ. ಯಜಮಾನರು ನನ್ನ ಕಡೆ, ಆಯಿತೇ ಎನ್ನುವ ಹಾಗೆ ನೋಡಿದರು. ಆಗ ಮೇಸ್ತ್ರಿ ಬಗ್ಗಿ ಮೇಜಿನ ಕೆಳಗಿಂದ ಒಂದು ತಗಡಿನ ಡಬ್ಬಿ ಎಳೆದು, ನೋಡದೆಯೇ ಎರಡು ಮುಷ್ಟಿ ತೆಗೆದು ಪಾತ್ರೆಗೆ ಸುರಿದು ಕಲಸತೊಡಗಿದರು.

"ಅದೇನು?" ಎಂದೆ.

"ಎದು, ಯಾವ್ದು ಸಾರ್?"

"ಈಗ ಹಾಕಿದ್ರಲ್ಲ, ಡಬ್ಬಿಯಿಂದ."

"ಓ, ಅದಾ. ಅದು ಪುಡಿ ಸಾರ್."

"ಏನ್ ಪುಡಿ?"

"ಪುಡಿ ಸಾರ್. ಸಾಯಂಕಾಲ ಉಳಿಯುತ್ತಲ್ಲ, ಮುರ್ದಿದ್ದು, ಅಂಚು ಕೊಯ್ದಿದ್ದು. ಎಲ್ಲಾ ಕುಟ್ಟಿ ಇಡೋದು. ಅದಿಲ್ದೆ ಹೂರಣ ನಿಲ್ಲಲ್ಲ, ನೀರು ಬಿಟ್ಬಿಡುತ್ತೆ."

ನಾನು ಯಜಮಾನರ ಕಡೆ ತಿರುಗಿದೆ. ಅವರಿಗೆ ಇನ್ನೂ ಅರ್ಥವಾಗಿರಲಿಲ್ಲ. "ಅದು ಸಾಮಾನಲ್ಲ ಮೇಷ್ಟ್ರೇ," ಎಂದರು. "ಸಾಮಾನು ಅಂದ್ರೆ ಅಂಗ್ಡಿಯಿಂದ ತರೋದು. ಇದು ನಮ್ದೇ ಮಾಲು. ನಮ್ಮಪ್ಪನ ಕಾಲದಿಂದ್ಲೂ..."

ಅವರೇ ಡಬ್ಬಿಯನ್ನು ಎತ್ತಿ, ನೆಲದ ಮೇಲೆ ಪೇಪರ್ ಹಾಸಿ ಬೋರಲು ಹಾಕಿದರು. ರಸ್ಕಿನ ತುದಿಗಳು. ಕೇಕಿನ ಅಂಚುಗಳು. ಓಮ ಅಂಟಿಕೊಂಡ ಖಾರ ಬಿಸ್ಕತ್ತಿನ ಚೂರು. ಶೇಂಗಾ ಬಿಸ್ಕತ್ತಿನ ಪುಡಿ, ಅದರಲ್ಲಿ ಸರಿಯಾಗಿ ಕುಟ್ಟದೆ ಉಳಿದ, ಕೆಂಪು ಸಿಪ್ಪೆಯ ಒಂದು ಅರ್ಧ ಬೀಜ.

ಯಜಮಾನರು ಪಕ್ಕದ ಮೈದಾ ಮೂಟೆಯ ಮೇಲೆ ಕೂತುಬಿಟ್ಟರು.

"ಅವನು ತಿಂದ್ನಾ?"

"ಇಲ್ಲ."

"ಒಂದು ಚೂರೂ?"

"ಇಲ್ಲ ಯಜಮಾನ್ರೇ."

ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಿದರು. ಬಹಳ ಹೊತ್ತು ಒರೆಸಿದರು. ಮೇಸ್ತ್ರಿ ಪಾತ್ರೆಯನ್ನು ಹಾಗೇ ಬಿಟ್ಟು ಗೋಡೆಗೆ ಒರಗಿ ನಿಂತಿದ್ದರು. "ಯಾರೂ ಕೇಳ್ಳಿಲ್ಲ ಸಾರ್," ಎಂದರು ಕೊನೆಗೆ. "ಕೇಳಿದ್ರೆ ಹೇಳ್ತಿದ್ದೆ."

ವಾಪಸು ಬರುವಾಗ ಆಡಳಿತಾಧಿಕಾರಿ ಜೀಪಿನಲ್ಲಿ ಒಂದು ದಾರಿ ಹೇಳಿಕೊಟ್ಟರು. ಬೇಕರಿಯವರು ತಪ್ಪು ಮಾಹಿತಿ ಕೊಟ್ಟರು ಎಂದು ಎರಡು ಸಾಲು ಬರೆದರೆ ಸಾಕು. ಆರ್ಡರ್ ಬೇರೆಯವರಿಗೆ ಹೋಗುತ್ತದೆ, ನನ್ನ ಸಹಿಯ ಬಗ್ಗೆ ಯಾರೂ ಕೇಳುವುದಿಲ್ಲ. "ನಿಮ್ಮದೇನೂ ತಪ್ಪಿಲ್ವಲ್ಲ ಸಾರ್," ಎಂದರು. ಒಳ್ಳೆಯದಕ್ಕೇ ಹೇಳಿದ್ದು. ಮಲವಗೊಪ್ಪ ಬರುವಷ್ಟರಲ್ಲಿ ಆ ಎರಡು ಸಾಲು ತಲೆಯಲ್ಲಿ ಸಿದ್ಧವಾಗಿದ್ದವು, ಅಚ್ಚುಕಟ್ಟಾಗಿದ್ದವು ಎಂಬುದನ್ನು ಮುಚ್ಚಿಡುವುದಿಲ್ಲ.

ಮನೆಗೆ ಬಂದು ಬೇರೆಯದನ್ನು ಬರೆದೆ, ಸ್ಪ್ಯಾನಿಷ್‌ನಲ್ಲಿ ಒಂದು ಪ್ರತಿ, ಇಂಗ್ಲಿಷ್‌ನಲ್ಲಿ ಒಂದು. ಪಟ್ಟಿಯಲ್ಲಿನ ಬೇಕರಿ ತಿನಿಸುಗಳ ವಿವರ ನಾನು ಬಸ್ಸಿನಲ್ಲಿ ಕೂತು ನೆನಪಿನಿಂದ ತುಂಬಿದ್ದು. ಯಜಮಾನರ ಹತ್ತಿರ ಗಿರಾಕಿಗಳ ನಡುವೆ ಓದಿ ಹೂಂ ಅನ್ನಿಸಿಕೊಂಡದ್ದು. ಭಟ್ಟಿ ಕೋಣೆಗೆ ಹೋಗಿರಲಿಲ್ಲ, ಮೇಸ್ತ್ರಿಯನ್ನು ಕಂಡಿರಲಿಲ್ಲ. ಪರಿಶೀಲಿಸಿದೆ ಎಂದು ಬರೆದದ್ದು ನಿಜವಲ್ಲ. ಈ ಕೆಲಸದಿಂದ ನನ್ನನ್ನು ಬಿಡಿಸುವುದಾದರೆ ಒಪ್ಪುತ್ತೇನೆ. ಕಳಿಸುವ ಗುಂಡಿ ಒತ್ತಿದ ಮೇಲೆ, ಹೋಯಿತೋ ಇಲ್ಲವೋ ಎಂದು ನಾಲ್ಕು ಸಲ ನೋಡಿದೆ.

ಇಂಜಿನಿಯರ್ ಅವರ ಉತ್ತರ ಬೆಳಿಗ್ಗೆ ಬಂತು. ಯಂತ್ರ ಕೂರಿಸುವವರ ಉತ್ತರ, ಭಾವನೆ ಇಲ್ಲದ್ದು. ಬೇಕರಿ ತಿಂಡಿ ಸದ್ಯ ಎಲ್ಲರಿಗೂ ಬಂದ್. ನಲವತ್ತೊಂದನ್ನೂ ನೀವು ಕಣ್ಣಾರೆ ನೋಡಿ ಮತ್ತೆ ಬರೆಯಿರಿ. ಮುಗಿದ ಮೇಲೆ ನಾನು ಬಂದು ನೋಡುತ್ತೇನೆ. ತಿನ್ನುವುದು ಬಿಡುವುದು ಚಿಲಿಯವನೇ ನಿರ್ಧರಿಸುತ್ತಾನೆ.

ಮುಂದಿನ ಐದು ದಿನ ನಾನು ಸ್ಟೂಲಿನ ಮೇಲೆ ಕಳೆದೆ. ಬೆಳಿಗ್ಗೆ ಗೆಸ್ಟ್ ಹೌಸಿನ ಅಡುಗೆಮನೆ, ಮಧ್ಯಾಹ್ನದ ಮೇಲೆ ಭಟ್ಟಿ ಕೋಣೆ. ಕೈ ಯಾವ ಡಬ್ಬಿಗೆ ಹೋಯಿತು, ಯಾವ ಸೌಟು ಯಾವುದರಿಂದ ಬಂತು, ಅದನ್ನಷ್ಟೇ ಬರೆದೆ, ಪ್ರಶ್ನೆ ಕೇಳಲಿಲ್ಲ. ಅಡುಗೆಯಮ್ಮನಿಗೆ ಇದು ಮೊದಲ ದಿನವೇ ಸಾಕಾಯಿತು. "ಹೆಣ್ಣು ನೋಡೋಕೆ ಬಂದೋರ ಥರ ಕೂತಿದೀರಲ್ಲ ಮಾರಾಯ್ರೇ," ಎಂದರು. ಎರಡನೇ ದಿನ ಅವರು ತೆಂಗಿನಕಾಯಿ ಚಿಕ್ಕದಾಯಿತೆಂದು ಚಟ್ನಿಗೆ ಒಂದು ಹಿಡಿ ಹುರಿದ ಶೇಂಗಾ ಸೇರಿಸಲು ಹೋದರು. ಕೈ ಮಿಕ್ಸಿಯ ಮೇಲೆಯೇ ನಿಂತಿತು. ನಾನು ಬಾಯಿ ತೆರೆಯುವ ಮೊದಲು ಅವರೇ, "ಅಯ್ಯೋ ನನ್ ಬುದ್ಧಿಗಿಷ್ಟು," ಎಂದು ಶೇಂಗಾದ ಡಬ್ಬಿಯನ್ನು ಅಡುಗೆಮನೆಯಿಂದಲೇ ಹೊರಗೆ ಕಳಿಸಿದರು. ಹಿಂದಿನ ಶುಕ್ರವಾರ ಅದೇ ಚಟ್ನಿಯನ್ನು ಕೇಳಿದ್ದಾಗ ಕಾಯಿ, ಹುರಿಗಡಲೆ ಎಂದು ಹೇಳಿದ್ದರು, ನಾನು ಬರೆದುಕೊಂಡಿದ್ದೆ. ಅದು ನಿಜವೇ, ಕಾಯಿ ದೊಡ್ಡದಿದ್ದ ದಿನ.

ಬೇಕರಿಯ ಯಜಮಾನರು ನನಗೆ ಹೇಳದೆಯೇ ಒಂದು ತೀರ್ಮಾನ ಮಾಡಿದ್ದರು. ಮೂರನೇ ದಿನ ಹೋದಾಗ ಗಾಜಿನ ಭರಣಿಗಳಲ್ಲಿ ಎರಡು ಖಾಲಿ. ಶೇಂಗಾ ಬಿಸ್ಕತ್ತನ್ನೂ ನಿಪ್ಪಟ್ಟನ್ನೂ ಆರು ವಾರ ಮಾಡುವುದಿಲ್ಲ ಎಂದರು. ಆ ಅಂಗಡಿಯಲ್ಲಿ ಹೆಚ್ಚು ಖರ್ಚಾಗುವ ಮಾಲು ಅವು.

"ಗಿರಾಕಿಗಳು ಬೈತಾರೆ," ಎಂದೆ.

"ಬೈಲಿ. ದಿನಾ ಬೈತಾನೇ ಇರ್ತಾರೆ." ಆಮೇಲೆ, "ನೀವು ಬರ್ದಿದ್ದನ್ನ ಆಫೀಸರು ಓದಿ ಹೇಳಿದ್ರು. ನಂದೂ ತಪ್ಪಿದೆ ಅಂತ ಒಂದ್ ಸಾಲು ಹಾಕ್ಬೋದಿತ್ತು ಮೇಷ್ಟ್ರೇ. ಅಷ್ಟು ಪೂರ್ತಿ ನೀವೇ ಹೊತ್ಕೊಳೋದೇನಿರ್ಲಿಲ್ಲ," ಎಂದರು. ಅವರಿಗೆ ಅದರಿಂದ ಸ್ವಲ್ಪ ಬೇಸರವೇ ಆದಂತಿತ್ತು.

ಹಳೆಯ ತಗಡಿನ ಡಬ್ಬಿ ಗುಜರಿಗೆ ಹೋಯಿತು. ತಟ್ಟೆಗಳನ್ನೆಲ್ಲ ಸೋಡಾಪುಡಿ ಹಾಕಿ ಕುದಿಸಿದರು. ಹೊಸ ಡಬ್ಬಿಗೆ ರಸ್ಕು ಮತ್ತು ಕೇಕಿನ ಅಂಚು ಮಾತ್ರ. ಅದರ ಮುಚ್ಚಳದ ಮೇಲೆ ಮೇಸ್ತ್ರಿ ಸುಣ್ಣದಲ್ಲಿ ಎರಡು ಗೆರೆ ಎಳೆದಿದ್ದರು. ರಸ್ಕು ಒಂದು, ಕೇಕು ಒಂದು ಎಂದು ಗೆರೆಯ ಅರ್ಥವನ್ನು ನಾನು ಬರೆದುಕೊಂಡೆ.

ಈ ನಡುವೆ ಸೋದರತ್ತೆಗೆ ಫೋನ್ ಮಾಡಿದೆ. ಅವರು ಈಗ ಮಗಳ ಜೊತೆ ಶಿವಮೊಗ್ಗದಲ್ಲೇ ಇದ್ದಾರೆ. ಎಂಬತ್ತು ದಾಟಿದರೂ ಯಾರ ಮದುವೆಯಲ್ಲಿ ಯಾವ ಪಾಯಸ ಇತ್ತು ಎಂದು ಹೇಳಬಲ್ಲವರು. ಜಗಲಿ, ದಿಲ್‌ಪಸಂದ್, ಅರ್ಧ ಬೀಜ ಎಲ್ಲ ಹೇಳಿ, ಅದು ಯಾವ ಬೇಕರಿಯದು ಎಂದು ಕೇಳಿದೆ.

"ನೀನೆಲ್ಲಿ ದಿಲ್‌ಪಸಂದ್ ತಿಂತಿದ್ಯೋ?" ಎಂದರು. "ನೀನು ಬೆಣ್ಣೆ ಬಿಸ್ಕತ್ತು ಬಿಟ್ರೆ ಇನ್ನೊಂದು ಮುಟ್ಟಿದವನಲ್ಲ. ದಿಲ್‌ಪಸಂದ್ ನಿಮ್ಮಣ್ಣನಿಗೆ. ಅವನು ಕಾಳು ಸಿಕ್ತು ಕಾಳು ಸಿಕ್ತು ಅಂತ ನಿನ್ನ ಮುಂದೆ ಹಿಡಿದು ಆಡಿಸ್ತಿದ್ದ, ನೀನು ಅಳ್ತಿದ್ದೆ."

ಅಣ್ಣನನ್ನು ಕೇಳಿದೆ. ಅವನಿಗೆ ಭದ್ರಾವತಿಯ ಜಗಲಿಯೇ ನೆನಪಿಲ್ಲ.

ಎರಡನೇ ಭಾನುವಾರ ಹೊಸ ಪಟ್ಟಿಯ ಕೆಲಸ ಮುಗಿಯಿತು. ಈ ಸಲ ಕೆಳಗೆ 'ನೋಡಿದೆ' ಎಂದು ಬರೆದು, ಪ್ರತಿ ತಿನಿಸಿನ ಮುಂದೆ ದಿನವನ್ನೂ ಯಾರು ಮಾಡಿದರು ಎಂಬುದನ್ನೂ ಹಾಕಿದೆ. ಇಂಜಿನಿಯರ್ ಹೇಳಿದ್ದಂತೆ ನಾಲ್ವರೂ ಬೇಕರಿಗೆ ಬಂದರು. ಭಟ್ಟಿ ಕೋಣೆಯ ಸೆಕೆಯಲ್ಲಿ ಸಾಲಾಗಿ ನಿಂತು, ಮೇಸ್ತ್ರಿ ದಿಲ್‌ಪಸಂದ್ ಮಾಡುವುದನ್ನು ಮೊದಲಿಂದ ಕೊನೆಯವರೆಗೆ ನೋಡಿದರು. ಚಿಲಿಯವನು ಸುಣ್ಣದ ಗೆರೆಯ ಡಬ್ಬಿ ತೆಗೆಸಿ, ಬಗ್ಗಿ, ತಳದವರೆಗೆ ಕೆದಕಿ ನೋಡಿದ. ಯಜಮಾನರು ಗಲ್ಲಾ ಬಿಟ್ಟು ಬಾಗಿಲಿಗೆ ಬಂದಿದ್ದರು.

"ಸಾರ್," ಎಂದು ಮೇಸ್ತ್ರಿ ನನ್ನ ಕಿವಿಯ ಹತ್ತಿರ, "ಇವ್ರ ಊರಲ್ಲಿ ಇದಕ್ಕೆ ಏನಂತಾರೆ ಕೇಳಿ."

ಕೇಳಿದೆ. ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹುರುಳಿಕಾಯಿಗೆ ನಾಲ್ಕು ಹೆಸರು ಕೊಟ್ಟವರು. ಮೆಕ್ಸಿಕೊದವನು ಏನೋ ಹೇಳಲು ಹೋದ, ಅರ್ಜೆಂಟೀನಾದವನು ತಲೆಯಾಡಿಸಿದ. ಕೊನೆಗೆ ಚಿಲಿಯವನೇ, "ದಿಲ್‌ಪಸಂದ್," ಎಂದ, ನನ್ನ ಚೀಟಿಯಲ್ಲಿದ್ದ ಹಾಗೆ ಒಂದೊಂದೇ ಅಕ್ಷರ ಬಿಡಿಸಿ.

ಬಿಸಿ ಆರಿದ ಮೇಲೆ ಮೇಸ್ತ್ರಿ ಐದು ತುಂಡು ಮಾಡಿ ತಟ್ಟೆಯಲ್ಲಿ ಹಿಡಿದರು. ಯಾರೂ ಮೊದಲು ಕೈ ಹಾಕಲಿಲ್ಲ. ನಾನೇ ಒಂದು ತೆಗೆದುಕೊಂಡೆ. ನಾನು ಅದನ್ನು ಮಾಡಲು ಉದ್ದೇಶಿಸಿರಲಿಲ್ಲ, ಬೆರಳು ತಾನಾಗಿ ಮಾಡಿತು: ತುಂಡನ್ನು ನಡುವೆ ಮುರಿದು, ಹೂರಣವನ್ನು ಬೆಳಕಿಗೆ ಹಿಡಿದು, ಕೆಂಪು ಸಿಪ್ಪೆ ಏನಾದರೂ ಇದೆಯೇ ಎಂದು ಉಗುರಿನಿಂದ ಬಿಡಿಸಿ ನೋಡಿದೆ. ಇರಲಿಲ್ಲ. ತಿಂದೆ.

ತಲೆ ಎತ್ತಿದಾಗ ಚಿಲಿಯವನು ತನ್ನ ತುಂಡನ್ನು ಮುರಿದು ಬೆಳಕಿಗೆ ಹಿಡಿದಿದ್ದ. ಅವನ ಪಕ್ಕದಲ್ಲಿ ಮೆಕ್ಸಿಕೊದವನು. ಆಮೇಲೆ ಅರ್ಜೆಂಟೀನಾದವನು, ಇಂಜಿನಿಯರ್. ನಾಲ್ವರೂ ಗಂಭೀರವಾಗಿ ಹೂರಣ ಬಿಡಿಸಿ ನೋಡಿ, ಆಮೇಲೆ ಬಾಯಿಗೆ ಹಾಕಿಕೊಂಡರು. ಚಿಲಿಯವನು ಅಗಿಯುತ್ತ ಹೆಬ್ಬೆರಳು ಎತ್ತಿದ, ಈ ಸಲ ಮೇಸ್ತ್ರಿಯ ಕಡೆಗೆ.

ಆರು ವಾರ ಮುಗಿಯುವವರೆಗೂ ದಿಲ್‌ಪಸಂದ್ ಬಂದ ಸಂಜೆಯೆಲ್ಲ ಅವರು ಹಾಗೆಯೇ ತಿಂದರು. ಆ ತಿಂಡಿಯನ್ನು ತಿನ್ನುವ ಇಲ್ಲಿಯ ಕ್ರಮವೇ ಅದು ಎಂದು ಚಿಲಿಯವನನ್ನು ಬಿಟ್ಟು ಉಳಿದ ಮೂವರು ತಿಳಿದಿದ್ದರು ಎಂದು ಕಾಣುತ್ತದೆ. ನಾನು ತಿದ್ದಲು ಹೋಗಲಿಲ್ಲ.